ಬೆಂಗಳೂರು–ದುಬೈ: ಹೋಗುವಾಗ ಎರಡೂವರೆ ಗಂಟೆ, ಬರುವಾಗ ಐದೇ?

ಪ್ರಶ್ನೆ: ಟಿಕೆಟ್‌ನಲ್ಲಿ ಬೆಂಗಳೂರು ಬಿಡುವುದು 10:00, ದುಬೈ ತಲುಪುವುದು 12:30 ಎಂದಿದೆ. ಮರಳುವಾಗ 15:00ಕ್ಕೆ ಹೊರಟು 20:05ಕ್ಕೆ ಬಂದಿಳಿಯುತ್ತೇವಂತೆ. ಒಂದೇ ದಾರಿಗೆ ಇಷ್ಟು ವ್ಯತ್ಯಾಸವೇ?
– ಓದುಗರು, ಶಿವಮೊಗ್ಗ

ಉತ್ತರ: ಟಿಕೆಟ್‌ನಲ್ಲಿ ಹಾಕುವುದು ಆಯಾ ಊರಿನ ಗಡಿಯಾರದ ಸಮಯ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಹೋಗುವಾಗಿನ ಎರಡೂವರೆ ಗಂಟೆಗೆ ಅದನ್ನು ಕೂಡಿಸಿದರೆ 4 ಗಂಟೆ. ಬರುವಾಗಿನ ಲೆಕ್ಕದಲ್ಲಿ ಕಳೆದರೆ 3 ಗಂಟೆ 35 ನಿಮಿಷ. ಉಳಿದ 25 ನಿಮಿಷಕ್ಕೆ ಮುಖ್ಯ ಕಾರಣ ಗಾಳಿ.

ಎರಡು ನಿಲ್ದಾಣಗಳ ನಡುವಿನ ನೇರ ದೂರ ಸುಮಾರು 2,700 ಕಿ.ಮೀ. ವಿಮಾನ ಗೋವಾದ ಆಸುಪಾಸಿನಲ್ಲಿ ಕರಾವಳಿ ದಾಟಿ, ಅರಬ್ಬಿ ಸಮುದ್ರ, ಓಮನ್ ಮೇಲಿಂದ ಸಾಗುವುದೇ ಹತ್ತಿರದ ದಾರಿ. ಜೆಟ್ ವಿಮಾನದ ವೇಗ ಗಂಟೆಗೆ ಸುಮಾರು 830 ಕಿ.ಮೀ. ಎಂದಿಟ್ಟುಕೊಳ್ಳಿ. ಚಳಿಗಾಲದಲ್ಲಿ ಆ ಎತ್ತರದಲ್ಲಿ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುತ್ತದೆ. 70 ಕಿ.ಮೀ. ವೇಗದ ಎದುರುಗಾಳಿ ಇದ್ದರೆ ನೆಲದ ಲೆಕ್ಕದಲ್ಲಿ ಸಿಗುವುದು 760 ಮಾತ್ರ. ಅದೇ ಗಾಳಿ ಬೆನ್ನಿಗಿದ್ದರೆ 900. ಹೀಗೆ ಹೋಗುವುದಕ್ಕೆ 3 ಗಂಟೆ 33 ನಿಮಿಷ, ಬರುವುದಕ್ಕೆ 3 ಗಂಟೆ. ರನ್‌ವೇವರೆಗೆ ಉರುಳುವುದು, ನಿಧಾನವಾಗಿ ಏರುವುದು, ಇಳಿಯುವುದು ಎಂದು ಎರಡಕ್ಕೂ ಅರ್ಧ ಗಂಟೆ ಸೇರಿಸಿದರೆ ಟಿಕೆಟ್‌ನ ಅವಧಿಗೆ ಹತ್ತಿರ ಬರುತ್ತದೆ. ಮುಂಗಾರಿನಲ್ಲಿ ದಕ್ಷಿಣ ಭಾರತದ ಮೇಲೆ ಎತ್ತರದ ಗಾಳಿ ಪೂರ್ವದಿಂದ ಬೀಸುವುದರಿಂದ ಈ ಅಂತರ ತಗ್ಗುತ್ತದೆ. ವಿಮಾನಗಳ ವೇಳಾಪಟ್ಟಿ ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ ಬದಲಾಗುತ್ತದೆ; ಹಳೆಯ ಟಿಕೆಟ್ ನೋಡಿ ಸಮಯ ಊಹಿಸಬೇಡಿ.

ಈ ಸೂತ್ರ ಗಿಡ್ಡ ದಾರಿಗೆ ಅಷ್ಟಾಗಿ ಒಗ್ಗದು. ಬೆಂಗಳೂರು–ಮಂಗಳೂರು ಬರೀ 300 ಕಿ.ಮೀ. ಆದರೂ ಟಿಕೆಟ್‌ನಲ್ಲಿ ಒಂದು ಗಂಟೆಯ ಆಸುಪಾಸು ಇರುತ್ತದೆ. ಪೂರ್ಣ ವೇಗದಲ್ಲಿ ಹಾರುವ ಹೊತ್ತೇ ಅಲ್ಲಿ ಕಡಿಮೆ.

ಪ್ರಶ್ನೆ: ಇದೇ ದಾರಿಯ ದೂರ ಒಂದು ಕಡೆ 1,455, ಇನ್ನೊಂದು ಕಡೆ 1,675, ಮತ್ತೊಂದು ಕಡೆ 2,695 ಎಂದು ಕಂಡೆ. ಯಾವುದು ಸರಿ?
– ಓದುಗರು, ಧಾರವಾಡ

ಉತ್ತರ: ಮೂರೂ ಸರಿ. ಮೊದಲನೆಯದು ನಾಟಿಕಲ್ ಮೈಲಿ (1.852 ಕಿ.ಮೀ.), ಎರಡನೆಯದು ಸಾಮಾನ್ಯ ಮೈಲಿ (1.609 ಕಿ.ಮೀ.), ಮೂರನೆಯದು ಕಿಲೋಮೀಟರ್. ನಿಜವಾಗಿ ಹಾರುವ ದೂರ ಇದಕ್ಕಿಂತ ತುಸು ಹೆಚ್ಚೇ ಇರುತ್ತದೆ. ವಾಯುಮಾರ್ಗಗಳು ಎಲ್ಲ ಕಡೆಯೂ ನೇರ ಗೆರೆಯಲ್ಲಿಲ್ಲ.

ಪ್ರಶ್ನೆ: ದುಬೈನಿಂದ ಬರುವವರನ್ನು ಕರೆತರಲು ದೇವನಹಳ್ಳಿಗೆ ಎಷ್ಟು ಹೊತ್ತಿಗೆ ಹೋಗಬೇಕು?
– ಓದುಗರು, ತುಮಕೂರು

ಉತ್ತರ: ಟಿಕೆಟ್‌ನಲ್ಲಿರುವುದು ವಿಮಾನ ಬಂದು ನಿಲ್ಲುವ ಸಮಯ, ನೆಲ ಮುಟ್ಟುವ ಸಮಯವಲ್ಲ. ಇಮಿಗ್ರೇಷನ್, ಬ್ಯಾಗು, ಕಸ್ಟಮ್ಸ್ ಮುಗಿಸಿ ಹೊರಬರಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯಿರಿ. ಅಂತಾರಾಷ್ಟ್ರೀಯ ವಿಮಾನಗಳು ಟರ್ಮಿನಲ್ 2ಕ್ಕೆ ಬರುತ್ತವೆ. ತಾರೀಖನ್ನೂ ನೋಡಿಕೊಳ್ಳಿ: 14ರ ರಾತ್ರಿ 21:30ಕ್ಕೆ ಹೊರಟವರು ಇಲ್ಲಿಗೆ ಬರುವುದು 15ರ ನಸುಕಿನ 02:35ಕ್ಕೆ. ಕಾರು ಬುಕ್ ಮಾಡುವಾಗ ಹೆಚ್ಚು ಜನ ಎಡವುವುದು ಇಲ್ಲೇ.