ಫ್ರೆಂಚ್ ಚಿತ್ರಕಾರ ಮೊನೆಯ ‘ಅರ್ಜಾಂತೇಯ್‌ನ ದೋಣಿ ಸ್ಪರ್ಧೆ’ ಚಿತ್ರದಲ್ಲಿ ನದಿಯ ನೀರು ಏಕೆ ತುಂಡುತುಂಡಾಗಿ ಕಾಣುತ್ತದೆ? ಅದರ ಅರ್ಥವೇನು?

ಕ್ಲೋದ್ ಮೊನೆ ಇಲ್ಲಿ ಚಿತ್ರಿಸಿರುವುದು ನದಿಯನ್ನಲ್ಲ, ಒಂದು ಕ್ಷಣದಲ್ಲಿ ಆ ನದಿಯ ಮೇಲೆ ಬಿದ್ದ ಬೆಳಕನ್ನು. ಚಿತ್ರದ ಅರ್ಥವೂ ಅದೇ, ಅದರ ಹಿಂದೆ ಬೇರೆ ಸಂಕೇತವನ್ನು ಹುಡುಕಬೇಕಾಗಿಲ್ಲ.

ಅಲೆಯಾಡುವ ನೀರು ಬೇರೆ ಬೇರೆ ಕೋನಗಳಿಗೆ ವಾಲಿದ ಸಾವಿರಾರು ಪುಟ್ಟ ಕನ್ನಡಿಗಳಂತೆ ವರ್ತಿಸುತ್ತದೆ. ಒಂದು ಅಲೆ ಆಕಾಶದ ನೀಲಿಯನ್ನು ತೋರಿದರೆ, ಪಕ್ಕದ್ದು ಹಾಯಿಯ ಬಿಳುಪನ್ನೋ ದಡದ ಮನೆಯ ಕೆಂಪನ್ನೋ ತೋರುತ್ತದೆ. ಸುಮಾರು 1872ರಲ್ಲಿ, ಪ್ಯಾರಿಸ್ ಸಮೀಪದ ಸೇನ್ ನದಿಯ ದಡದ ಅರ್ಜಾಂತೇಯ್ ಎಂಬ ಈ ಊರಿನಲ್ಲಿ ನೆಲೆಸಿದ್ದ ಮೊನೆ, ಆ ತುಣುಕುಗಳನ್ನು ಒಂದರೊಳಗೊಂದು ತೀಡಿ ನಯಗೊಳಿಸದೆ, ಅಗಲವಾದ ಅಡ್ಡ ಬೀಸುಗಳಲ್ಲಿ ಬಿಡಿಬಿಡಿಯಾಗಿಯೇ ಇಟ್ಟನು. ಹತ್ತಿರ ನಿಂತು ನೋಡಿದರೆ ಮನೆಯ ಪ್ರತಿಬಿಂಬವಿರುವಲ್ಲಿ ಕಾಣುವುದು ಕೆಂಪು, ಹಸಿರು ಬಣ್ಣದ ದಪ್ಪ ಪಟ್ಟಿಗಳು ಮಾತ್ರ. ನಾಲ್ಕು ಹೆಜ್ಜೆ ಹಿಂದೆ ಸರಿದಾಗ ನಮ್ಮ ಕಣ್ಣೇ ಅವನ್ನು ಕೂಡಿಸಿಕೊಳ್ಳುತ್ತದೆ, ನೀರು ತುಳುಕತೊಡಗುತ್ತದೆ.

ಮೇಲ್ಭಾಗದಲ್ಲಿ ಮನೆ, ಮರ, ಹಾಯಿಗಳು ತಕ್ಕಮಟ್ಟಿಗೆ ಗಟ್ಟಿಯಾಗಿಯೇ ನಿಂತಿವೆ. ಅವೇ ವಸ್ತುಗಳು ಕೆಳಗೆ ನೀರಿನಲ್ಲಿ ಒಡೆದುಹೋಗುತ್ತವೆ. ಚಿತ್ರದ ನಿಜವಾದ ಸೊಗಸು ಈ ಎರಡರ ನಡುವಿನ ವ್ಯತ್ಯಾಸದಲ್ಲಿದೆ ಎಂದು ನಾನು ಭಾವಿಸುತ್ತೇನೆ. ಮೂಲಚಿತ್ರವು ಪ್ಯಾರಿಸ್‌ನ ಒರ್ಸೆ ಸಂಗ್ರಹಾಲಯದಲ್ಲಿದೆ.