ಐರ್ಲೆಂಡಿನ ದಕ್ಷಿಣದ ಮನ್‌ಸ್ಟರ್ ಪ್ರಾಂತ್ಯದ ಕಡೆಯ ಐರಿಷ್ ಭಾಷೆ ಕಲಿಯೋಕೆ ಒಳ್ಳೆಯ ಸಾಮಗ್ರಿ ಎಲ್ಲಿ ಸಿಗುತ್ತದೆ?

ಆ್ಯಪ್‌ಗಳಲ್ಲಿ ಸಿಗುವುದು ಹೆಚ್ಚಾಗಿ ಸರಕಾರ 1958ರಲ್ಲಿ ಗೊತ್ತು ಮಾಡಿದ ಪ್ರಮಾಣ ರೂಪ. ಮನ್‌ಸ್ಟರ್‌ನ ಕೆರಿ, ಕಾರ್ಕ್ ಕಡೆಯ ಮಾತು ಬೇಕು ಅಂದ್ರೆ ಬೇರೆ ಕಡೆ ಹುಡುಕಬೇಕು.

ಮೊದಲು ಕಿವಿ ಪಳಗಿಸಿಕೊಳ್ಳಿ. ಟ್ಯಾಂಗ್‌ಲನ್ ಅನ್ನೋ ಉಚಿತ ಜಾಲತಾಣದಲ್ಲಿ ಸಾವಿರಾರು ಪದಗಳ ಉಚ್ಚಾರಣೆ ಇದೆ, ಮೂರು ಉಪಭಾಷೆಗಳದ್ದೂ ಬೇರೆಬೇರೆಯಾಗಿ. ‘ಎಂ’ ಗುರುತಿರುವುದು ಮನ್‌ಸ್ಟರ್‌ನದು. ‘ಕಲೀನ್’ (ಹುಡುಗಿ) ಪದವನ್ನೇ ಕೇಳಿ ನೋಡಿ. ಬೇರೆ ಕಡೆ ಒತ್ತು ‘ಕ’ ಮೇಲೆ, ಇಲ್ಲಿ ‘ಲೀನ್’ ಮೇಲೆ.

ವ್ಯಾಕರಣಕ್ಕೆ ನನ್ನ ಆಯ್ಕೆ 1961ರ ‘ಟೀಚ್ ಯುವರ್‌ಸೆಲ್ಫ್ ಐರಿಷ್’, ಡಿಲನ್ ಮತ್ತು ಓ ಕ್ರೋನೀನ್ ಬರೆದದ್ದು. ಪಶ್ಚಿಮ ಕಾರ್ಕ್ ಮಾತನ್ನೇ ಕಲಿಸುತ್ತದೆ. ಕಾಗುಣಿತ ಹಳೆಯದು, ಪಾಠಗಳು ಸ್ವಲ್ಪ ಒಣ. ಇದೇ ಹೆಸರಲ್ಲಿ ಆಮೇಲೆ ಬಂದದ್ದು ಬೇರೆಯದೇ ಪುಸ್ತಕ, ಕೊಳ್ಳುವಾಗ ಲೇಖಕರ ಹೆಸರು ನೋಡಿ. ಕನ್ನಡಿಗರಾದ ನಮಗೊಂದು ಅನುಕೂಲ ಇದೆ. ‘ನಾನು ಇದ್ದೆ’ ಅನ್ನೋಕೆ ಬೇರೆಯವರು ‘ವೀ ಮೇ’ ಅಂದರೆ ಮನ್‌ಸ್ಟರ್‌ನವರು ‘ವೀಸ್’ ಅನ್ನಬಹುದು. ಕನ್ನಡದಲ್ಲಿ ‘ನಾನು’ ಬಿಟ್ಟು ‘ಇದ್ದೆ’ ಅಂದ್ರೆ ಸಾಕಲ್ವಾ, ಹಾಗೇ!

ಆಮೇಲೆ ರೇಡಿಯೊ. 1972ರಿಂದ ನಡೆಯುತ್ತಿರುವ ಐರಿಷ್ ಭಾಷೆಯ ವಾಹಿನಿ ರೇಡಿಯೊ ನ ಗೇಲ್ತಾಖ್ತಕ್ಕೆ ಕೆರಿಯಲ್ಲೂ ಸ್ಟುಡಿಯೊ ಇದೆ. ಅಲ್ಲಿಂದ ಬರುವ ‘ಅನ್ ಸೇಲ್ ಓ ಯಸ್’ ಕಾರ್ಯಕ್ರಮ ಕೇಳಿ. ಊರಿನ ಸುದ್ದಿ, ಹಿರಿಯರ ಹರಟೆ ಜಾಸ್ತಿ. ಶುರುವಿನಲ್ಲಿ ಏನೂ ಅರ್ಥವಾಗದಿದ್ದರೂ ಸುಮ್ನೆ ಹಚ್ಚಿಡಿ.