ಕುಡಿಯದ ಮಗನಿಗೆ ಕುಡಿತದ ಪ್ರಶ್ನೆ ಯಾಕೆ?

ಪ್ರಶ್ನೆ: ನನ್ನ ಮಗನಿಗೆ 19 ವರ್ಷ. ಸಂಶೋಧನೆಗೆ ಅಂತ ಕಾಲೇಜಿನಲ್ಲಿ ಒಂದು ಫಾರಂ ಕೊಟ್ಟಿದ್ದಾರೆ. ‘ಕುಡಿದರೆ ಮೈ ಬೆಚ್ಚಗಾಗುತ್ತದೆ’, ‘ತಲೆ ಸುತ್ತುತ್ತದೆ’, ‘ಚೆನ್ನಾಗಿ ನಿದ್ದೆ ಬರುತ್ತದೆ’ ಅಂತೆಲ್ಲ ಬರೆದಿದೆ. ಎಷ್ಟು ಒಪ್ಪುತ್ತೀರಿ ಅಂತ ಗುರುತು ಹಾಕಬೇಕಂತೆ. ಅವನು ಕುಡಿದವನೇ ಅಲ್ಲ. ಸುಮ್ನೆ ಇಲ್ಲದ ಆಸೆ ಹುಟ್ಟಿಸಿದ ಹಾಗಲ್ವಾ?
– ಒಬ್ಬ ತಾಯಿ

ಉತ್ತರ: ನಿಮ್ಮ ಆತಂಕ ಅರ್ಥವಾಗುತ್ತದೆ, ತಾಯಿ. ಇಂಥ ಫಾರಂಗಳನ್ನು ಎಷ್ಟೋ ಜನರಿಂದ ತುಂಬಿಸಿದವಳು ನಾನು. ಕುಡಿಯದವರ ಉತ್ತರವೂ ಅದರಲ್ಲಿ ತುಂಬಾ ಮುಖ್ಯ. ಮೊದಲ ಗುಟುಕಿಗೆ ಎಷ್ಟೋ ವರ್ಷ ಮುಂಚೆಯೇ, ಕುಡಿದರೆ ಏನಾಗುತ್ತದೆ ಎಂಬ ಕಲ್ಪನೆ ಮಕ್ಕಳ ತಲೆಯಲ್ಲಿ ಕೂತಿರುತ್ತದೆ. ದೊಡ್ಡವರನ್ನು ನೋಡಿದ್ದು, ಸಿನಿಮಾದಲ್ಲಿ ಕಂಡದ್ದು, ಗೆಳೆಯರು ಹೇಳಿದ್ದು. ಕುಡಿದರೆ ಹಿತವಾಗುತ್ತದೆ ಎಂದು ನಂಬಿದವರು ಮುಂದೆ ಜಾಸ್ತಿ ಕುಡಿಯುವ ಸಂಭವವೂ ಹೆಚ್ಚು. ಆ ನಂಬಿಕೆ ಏನೆಂದು ಗೊತ್ತಾದರೆ ತಾನೇ ಅದರ ಬಗ್ಗೆ ಮಾತಾಡಲು ಆಗುವುದು?

ನಂಬಿಕೆಗೆ ಎಷ್ಟು ಬಲ ಇದೆ ಎಂದು 1973ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಾಟ್ ಮತ್ತು ಸಂಗಡಿಗರು ತೋರಿಸಿದರು. ಕೆಲವರಿಗೆ ವೋಡ್ಕಾ ಬೆರೆಸಿದ ಟಾನಿಕ್ ವಾಟರ್ (ಕಹಿ ರುಚಿಯ ಒಂದು ಬಗೆಯ ಸೋಡಾ) ಕೊಟ್ಟರು, ಕೆಲವರಿಗೆ ಬರೀ ಟಾನಿಕ್ ವಾಟರ್. ಲೋಟದಲ್ಲಿ ಏನಿದೆ ಎಂದು ಅರ್ಧ ಜನರಿಗೆ ಸುಳ್ಳು ಹೇಳಿದರು. ವೋಡ್ಕಾ ಇದೆ ಎಂದು ನಂಬಿದವರೇ ಜಾಸ್ತಿ ಕುಡಿದರು, ನಿಜವಾಗಿ ಇರಲಿ, ಬಿಡಲಿ.

ಈಗ ಅಳತೆಯ ವಿಷಯ. 1993ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಕಿಮ್ ಫ್ರೋಮ್ ಮತ್ತು ಸಂಗಡಿಗರು 38 ವಾಕ್ಯಗಳ ಒಂದು ಪ್ರಶ್ನಾವಳಿ ಮಾಡಿದರು. ಪ್ರತಿ ವಾಕ್ಯಕ್ಕೂ ಎರಡು ಗುರುತು. ಹೀಗಾಗುತ್ತದೆ ಎಂದು ಎಷ್ಟು ಒಪ್ಪುತ್ತೀರಿ? ಹಾಗಾದರೆ ಅದು ನಿಮಗೆ ಒಳ್ಳೆಯದೋ, ಕೆಟ್ಟದ್ದೋ? ಆ ಎರಡನೆಯ ಗುರುತನ್ನೇ ನಾನು ಮೊದಲು ನೋಡುತ್ತೇನೆ. ‘ಮೈ ಮರಗಟ್ಟುತ್ತದೆ’ ಎಂದು ಇಬ್ಬರು ಒಪ್ಪಬಹುದು. ಒಬ್ಬಳಿಗೆ ಅದು ಹೆದರಿಕೆ. ಇನ್ನೊಬ್ಬಳಿಗೆ ಬೇಕಾಗಿರುವುದೇ ಅದು. ನನಗೆ ಚಿಂತೆ ಆ ಎರಡನೆಯವಳದ್ದು.

ಇಂಥ ಫಾರಂ ಅಳೆಯುವುದು ನಂಬಿಕೆಯನ್ನು, ದೇಹವನ್ನಲ್ಲ. ಕುಡಿದಾಗ ಚರ್ಮದ ರಕ್ತನಾಳ ಹಿಗ್ಗಿ ಮೈ ಬೆಚ್ಚಗಾದಂತೆ ಅನಿಸುತ್ತದೆ. ಆದರೆ ಶಾಖ ಹೊರಗೆ ಹೋಗಿ ಒಳಮೈ ತಣ್ಣಗಾಗುತ್ತದೆ. ನಿದ್ದೆಯೂ ಹಾಗೆಯೇ. ಬೇಗ ಬರುತ್ತದೆ, ರಾತ್ರಿಯ ಎರಡನೇ ಅರ್ಧದಲ್ಲಿ ಕೆಡುತ್ತದೆ. ಒಬ್ಬರು ‘ಚೆನ್ನಾಗಿ ನಿದ್ದೆ ಬರುತ್ತದೆ’ ಎಂಬುದಕ್ಕೆ ‘ಪೂರ್ತಿ ಒಪ್ಪುತ್ತೇನೆ’ ಎಂದು ಗುರುತು ಹಾಕಿದ್ದರು. ಅದೇ ಹಾಳೆಯ ಕೊನೆಯಲ್ಲಿ, ಕುಡಿದ ದಿನ ಮೂರು ಗಂಟೆಗೇ ಎಚ್ಚರವಾಗುತ್ತದೆ ಎಂದೂ ಬರೆದಿದ್ದರು. ಎರಡನ್ನೂ ಪ್ರಾಮಾಣಿಕವಾಗಿಯೇ ಬರೆದಿದ್ದರು. ಅದನ್ನು ನಾನು ಇವತ್ತಿಗೂ ಮರೆತಿಲ್ಲ.

ಮಗನಿಗೆ ಇಷ್ಟವಿದ್ದರೆ ತುಂಬಲಿ, ಬೇಡವಾದರೆ ಬಿಡಲಿ. ಸಂಶೋಧನೆಯಲ್ಲಿ ಬಲವಂತ ಇರಕೂಡದು. ತುಂಬಿದರೆ, ಏನು ಗುರುತು ಹಾಕಿದೆ ಎಂದು ಕೆದಕಬೇಡಿ. ‘ಕುಡಿದರೆ ಬೆಚ್ಚಗಾಗುತ್ತೆ ಅಂತ ಜನ ಹೇಳ್ತಾರಲ್ಲ, ನೀನು ಎಲ್ಲಿ ಕೇಳಿದ್ದೆ?’ ಎಂದು ಊಟದ ಹೊತ್ತಿಗೆ ಮೆಲ್ಲಗೆ ಮಾತು ತೆಗೆಯಿರಿ.